ಉಜ್ಜಿ ಬೆಳ್ಳಗೆ ಮಾಡಿದ ಬೆಸುಗೆ

ನನ್ನ ಹೆಸರು ಆಸ್‌ಮುಂಡ್ ಹೆಂಡ್‌ಸೆಟ್, ವಯಸ್ಸು 61 ವರ್ಷ, ಕಸುಬು ಟೈಟಾನಿಯಂ ವೆಲ್ಡಿಂಗ್, ವಾಸ ಆವೆರೋಯ್ ದ್ವೀಪ, ನಾರ್ವೆ. ಯಾರೂ ಕರೆಯದೆ ನಾನಾಗಿಯೇ ಕ್ರಿಸ್ಟಿಯಾನ್‌ಸುಂಡ್ ಠಾಣೆಗೆ ಬಂದು ಬರೆಸುತ್ತಿರುವುದೇನೆಂದರೆ:

ದಿನಾಂಕ 9-3-2023ರ ಗುರುವಾರ ಬೆಳಿಗ್ಗೆ 10.40ಕ್ಕೆ ನಾನು ಇದೇ ಊರಿನ ನಮ್ಮ ವರ್ಕ್‌ಶಾಪಿನಲ್ಲಿ ಹಾವ್‌ಟೇರ್ನಾ ಎಂಬ, ಕಡಲಲ್ಲಿ ತೇಲುವ ತೈಲ ರಿಗ್ಗಿನ ಪೈಪೊಂದನ್ನು ಬೆಸೆಯುತ್ತಿದ್ದೆನು. ರಿಗ್ಗಿನಿಂದ 1,150 ಮೀಟರ್ ಕೆಳಗಿನ ಬಾವಿಗೆ ಇಳಿಯುವ ಪೈಪುಸಾಲಿನ ಮೇಲ್ತುದಿಯ ತುಂಡು ಅದು. ಕಾದ ಟೈಟಾನಿಯಂಗೆ ಗಾಳಿ ತಾಕಬಾರದೆಂದು ಆರ್ಗಾನ್ ಅನಿಲದ ಮುಸುಕಿನಲ್ಲಿ ಬೆಸೆಯುತ್ತೇವೆ. ಗಾಳಿ ತಾಕದಿದ್ದರೆ ಬೆಸುಗೆ ಬೆಳ್ಳಿ ಬಣ್ಣ, ತಾಕಿದರೆ ನೀಲಿ. ನೀಲಿಯಾದದ್ದನ್ನು ಕತ್ತರಿಸಿ ತೆಗೆದು ಮತ್ತೆ ಮಾಡಬೇಕು. ನಮ್ಮ ಕಸುಬಿನ ಮೊದಲ ಪಾಠವೇ ಇದು.

ಆಗ ಯಾರೋ ಕಡಲ ಕಡೆಯ ದೊಡ್ಡ ಬಾಗಿಲು ತೆರೆದರು, ಗಾಳಿ ಒಳನುಗ್ಗಿತು. ಬಾಯಿಗೆ ಬಂದಂತೆ ಬೈದೆನು. ಅಷ್ಟರಲ್ಲಿ ಬೆಸುಗೆ 4 ಸೆಂಟಿಮೀಟರ್ ನೀಲಿಯಾಗಿತ್ತು. ಪರೀಕ್ಷೆಗೆ ಕಳಿಸಲೆಂದು ಅದೇ ಪೈಪಿನಿಂದ ಕತ್ತರಿಸಿ, ಅದೇ ಗಾಳಿಯಲ್ಲಿ ಬೆಸೆದ ಮಾದರಿ ಬಳೆಯೂ ನೀಲಿಯಾಗಿತ್ತು. ಮ್ಯಾನೇಜರ್ ಹಾಲ್ವರ್ ಬಂದು ನೋಡಿ, "ಹಡಗು ನಾಳೆ ಹೊರಡುತ್ತೆ ಮಾರಾಯ. ನಿನ್ನ ಹತ್ರ ಬ್ರಷ್ ಇಲ್ವಾ?" ಎಂದು ಕೇಳಿ ಹೋದನು. ಉಜ್ಜು ಎಂದು ಅವನು ಹೇಳಲಿಲ್ಲ. ತಂತಿ ಬ್ರಷ್ಷಿನಿಂದ ಉಜ್ಜಿ ನೀಲಿ ತೆಗೆದವನು ನಾನು. 11.05ಕ್ಕೆ ಪೈಪೂ ಬಳೆಯೂ ಬೆಳ್ಳಿಯಂತೆ ಹೊಳೆಯುತ್ತಿದ್ದವು. ಪರೀಕ್ಷೆಗೆ ಬೇರೆ ಬಳೆ ಮಾಡಿ ಕೊಟ್ಟು, ಇದನ್ನು ಚೀಲಕ್ಕೆ ಹಾಕಿಕೊಂಡೆನು.

ಮಧ್ಯಾಹ್ನ 1.20ಕ್ಕೆ ತಪಾಸಣೆಯ ತೂರಿಡ್ ಬಂದು, "ನಿನ್ನ ಕೆಲಸ ನೋಡೋದೇ ದಂಡ, ಯಾವಾಗ್ಲೂ ಚೊಕ್ಕವಾಗೇ ಇರುತ್ತೆ" ಎಂದು ನಕ್ಕಳು. ಗಾಳಿ ಕುಡಿದ ಲೋಹ ಒಳಗೊಳಗೆ ಗಡಸಾಗಿರುವುದು ಎಕ್ಸ್‌ರೇಗೂ ಕಾಣುವುದಿಲ್ಲ. ಬೆಸುಗೆಯ ಪಕ್ಕ ನನ್ನ ಗುರುತು 17 ಒತ್ತಿದೆನು.

ಮನೆಗೆ ತಂದ ಬಳೆಯನ್ನು ದೋಣಿ ಕಟ್ಟುವ ಸರಪಳಿಗೆ ಸಿಕ್ಕಿಸಿ, ಎಷ್ಟು ತಡೆಯುತ್ತದೋ ನೋಡೋಣವೆಂದು ನೀರಿಗೆ ಬಿಟ್ಟಿದ್ದೆನು. ದಿನಾಂಕ 1-2-2026ರ ಭಾನುವಾರ ಮಧ್ಯಾಹ್ನ 2 ಗಂಟೆಗೆ ಮೇಲೆತ್ತಿದೆನು. ಮೂರು ಚಳಿಗಾಲ ಉಪ್ಪುನೀರಿನಲ್ಲಿ ಅಲೆಗಳು ಎಳೆದಾಡಿದ್ದರೂ ತುಕ್ಕಿನ ಒಂದು ಚುಕ್ಕೆಯಿಲ್ಲ. ಆದರೆ ಬೆಸುಗೆಯ ಉದ್ದಕ್ಕೂ ಕೂದಲೆಳೆಯಷ್ಟು ಬಿರುಕು. ಕಲ್ಲಿಗೆ ಒಂದು ಸಲ ಬಡಿದೆ, ಒಣರೊಟ್ಟಿಯಂತೆ ಮುರಿಯಿತು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಗೊತ್ತಿದ್ದೇ ಉಜ್ಜಿದ್ದೆನಲ್ಲ ಎಂದುಕೊಳ್ಳುತ್ತ ಎರಡೂ ತುಂಡು ಆರಿಸಿಕೊಂಡೆನು.

ಸೋಮವಾರ ಬೆಳಿಗ್ಗೆ 8.05ಕ್ಕೆ ಹಾಲ್ವರ್‌ಗೆ ಫೋನ್ ಮಾಡಿ ಬಳೆ ಮುರಿದದ್ದನ್ನು ಹೇಳಿದೆನು. "ಆ ಪೈಪು ಮೂರು ವರ್ಷ ನಿಂತಿದೆ, ಇನ್ನೂ ನಿಲ್ಲುತ್ತೆ. ಏಪ್ರಿಲ್‌ನಲ್ಲಿ ಮೇಲೆತ್ತಿದಾಗ ನೋಡೋಣ. ರಿಟೈರ್ ಆಗೋ ಹೊತ್ತಲ್ಲಿ ಇದನ್ನೆಲ್ಲ ಮೈಮೇಲೆ ಎಳ್ಕೋಬೇಡ" ಎಂದನು. ಮತ್ತೆ ಮೂರು ದಿನ ಸುಮ್ಮನಿದ್ದೆನು. ಅದೂ ನನ್ನದೇ ತಪ್ಪು.

ಪೈಪು ಮುರಿದರೆ ಬಾವಿಯ ಅನಿಲ ನುಗ್ಗಿ ಬೆಂಕಿ ಹತ್ತಬಹುದಾದ ಆ ರಿಗ್ಗಿನಲ್ಲಿ 94 ಜನರಿದ್ದಾರೆ. ಅವರಲ್ಲಿ ಒಬ್ಬಳು ನನ್ನ ಮಗಳು ಯೊರುನ್, 27 ವರ್ಷ, ಪೈಪು ಇಳಿಸುವ ಕೆಲಸದವಳು. ಕಳೆದ ಕ್ರಿಸ್‌ಮಸ್ ಊಟದಲ್ಲಿ ಅವಳು, "ಅಪ್ಪಾ, ನಿನ್ನ ಹದಿನೇಳು ನಮ್ಮಲ್ಲೇ ಇದೆ! ಇಳಿಸುವಾಗೆಲ್ಲ ಕೈಯಿಂದ ಸವರಿ ಕಳಿಸ್ತೀನಿ. ಅದೊಂದರ ಬಗ್ಗೆ ನಂಗೆ ಭಯವೇ ಇಲ್ಲ ನೋಡು" ಎಂದಳು. ನಾನು ಆಲೂಗಡ್ಡೆ ಇತ್ತ ಕೊಡು ಎಂದೆನು.

ನಾಳೆ ಸಂಜೆ 6ರ ಹೊತ್ತಿಗೆ ಅಲ್ಲಿ 12 ಮೀಟರ್ ಅಲೆ ಏಳುವುದೆಂದು ಹವಾಮಾನದವರು ಹೇಳಿದ್ದಾರೆ. ಹತ್ತು ಸೆಕೆಂಡಿಗೊಂದು ಅಲೆ ಎಂದರೆ, ನಾನು ಇದನ್ನು ಬರೆಸಿದ 50 ನಿಮಿಷದಲ್ಲಿ ಆ ಪೈಪು 300 ಸಲ ಬಾಗಿದೆ. ಬಿರುಗಾಳಿಗೆ ಮೊದಲೇ ಬಾವಿ ಮುಚ್ಚಿ ಪೈಪು ಬಿಡಿಸುವಂತೆ ಠಾಣೆಯಿಂದಲೇ ಈಗಲೇ ಫೋನ್ ಮಾಡಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ನನ್ನ ಮೇಲೆ ಕೇಸಾಗುತ್ತದೆಂದು ಅಧಿಕಾರಿಗಳು ತಿಳಿಸಿದರು. ಆಗಲಿ. ಯೊರುನ್ ಇನ್ನು ಮೇಲೆ ಆ ಗುರುತನ್ನು ಮುಟ್ಟಬಾರದು, ಅಷ್ಟೇ.

ಮುರಿದ ಬಳೆಯ ಎರಡು ತುಂಡು ಒಪ್ಪಿಸಿದ್ದೇನೆ. ಬರೆದದ್ದನ್ನು ಓದಿಸಿ ಕೇಳಿದೆನು. ಎಲ್ಲವೂ ನಡೆದದ್ದೇ. ಇದರಲ್ಲಿ ಎಲ್ಲಿಯೂ ಉಜ್ಜಿಲ್ಲ.

ಸ್ಥಳ: ಕ್ರಿಸ್ಟಿಯಾನ್‌ಸುಂಡ್
ದಿನಾಂಕ: 5-2-2026, ಮಧ್ಯಾಹ್ನ 3.40
ಸಹಿ: ಆಸ್‌ಮುಂಡ್ ಹೆಂಡ್‌ಸೆಟ್
ವೆಲ್ಡರ್ ಗುರುತು: 17