ಈ ಫೋಟೊನ ಮೊದ್ಲು ಯಾರು ನೋಡ್ಬೇಕು?

ಗಲ್ಲ ಒಸಿ ಮೇಲಕ್ಕೆ... ಅಷ್ಟಲ್ಲ ಕಣವ್ವ, ಅಷ್ಟೆತ್ತಿದ್ರೆ ಗಂಡಿನ ಕಡೆಯೋರು ಪೊಗರು ಅಂದ್ಕತಾರೆ. ಆಂ, ಅಲ್ಲೇ ಇರು. ಈಗ ಒಸಿ ನಗು. ಒಸಿ... ಯಾಕವ್ವ ರಮ್ಯ, ಹಲ್ಲು ಕೀಳಿಸ್ಕಳಕ್ಕೆ ಬಂದೋಳಂಗೆ ಕೂತಿದ್ದೀಯಲ್ಲ? ಇದು ಷಡಕ್ಷರಿ ಸ್ಟುಡಿಯೋ, ಡಾಕ್ಟ್ರ ಶಾಪಲ್ಲ.

ಏನ್ ಹುಡುಕ್ತಿದ್ದೀಯ, ಆ ಜಲಪಾತದ ಪರದೆನಾ? ಸುತ್ತಿಟ್ಟಿದ್ದೀನಿ. ಕೊಳ್ಳೇಗಾಲದ ಮಗ್ಗದ ಮನೆ ಹೆಣ್ಣಿನ ಬೆನ್ನಿಂದೆ ಜಲಪಾತ ಯಾಕವ್ವ? ನೋಡೋರ ಕಣ್ಣು ನೀರಿಗೇ ಓಯ್ತದೆ. ಹಿಂದ್ಲದ್ದು ಸುಮ್ನಿದ್ರೆ ಮುಖ ಮಾತಾಡ್ತದೆ. ಬೂದಿ ಬಣ್ಣದ ಗೋಡೆ, ನಿಂದು ಅರಿಶಿಣದ ರೇಷ್ಮೆ... ಸಾಕು. ಹಿಂದಕ್ಕೆ ಸರೀಬೇಡ, ಗೋಡೆಗೆ ಅಂಟ್ಕಂಡ್ರೆ ನೆರಳು ಬೀಳ್ತದೆ.

ಕಿಟಕಿನಾ? ಮುಚ್ಚಿದ್ದೀನಿ. ಬಿಸಿಲು ಜಾಸ್ತಿ. ಬಾಗ್ಲ ಕಡೆ ಯಾಕೆ ನೋಡ್ತೀಯ? ನಿಮ್ಮಪ್ಪ ಚೌಡೇಶಣ್ಣ ಅಲ್ಲೇ ಬೆಂಚ್ ಮೇಲೆ ಕೂತವ್ರೆ, ಎಲ್ಲೂ ಓಗಲ್ಲ. ಸಂಜೆಗೆ ಫೋಟೊ ಗಂಡಿನ ಮನೆಗೆ ಓಗ್ಬೇಕಂತೆ.

ಮೊಬೈಲಲ್ಲಿ ಯಾರ್ ಬೇಕಾದ್ರೂ ತೆಗೀತಾರೆ ಕಣವ್ವ. ಆದ್ರೂ ನನ್ನತ್ರ ಯಾಕೆ ಬತ್ತಾರೆ? ಮುಖ ಅರಳ್ಸೋದು ನಂಗೊತ್ತು. ಕೂತೋರ್ನ ಒಂದೇ ಮಾತು ಕೇಳ್ತೀನಿ, ಈ ಫೋಟೊನ ಮೊದ್ಲು ಯಾರು ನೋಡ್ಬೇಕು ಅಂತ ನಿಂಗಾಸೆ? ಅಷ್ಟೆ. ಹನುಮಯ್ಯ ಅಂತ ಮುದುಕ, ಯಾವಾಗ್ಲೂ ಹುಬ್ಬು ಗಂಟಾಕ್ಕಂಡಿರೋನು, "ನಮ್ಮ ಎಮ್ಮೆ" ಅಂದ್ಬುಟ್ಟು ತಾನೇ ನಕ್ಬುಟ್ಟ. ಎಮ್ಮೆ ಅಂತೆ... ನಿಂಗೆ ನಗು ಬರ್ಲಿಲ್ವಾ?

ನಿಂದು ಯಾರು, ನಂಗೇಳವ್ವ. ಬ್ಯಾಡ್ವಾ? ಓಗ್ಲಿ, ಮನ್ಸಲ್ಲೇ ನೆನ್ಸ್ಕೊ... ತುಟಿ ಯಾಕೆ ಕಚ್ಕತೀಯ?

ಅಲ್ಲೇನ್ ನೋಡ್ತೀಯ, ಗೋಡೆ ಮೇಲೆ? ಊಂ. ನಿಮ್ಮಕ್ಕ ಮಾಲಿನೀನೇ. ಇದೇ ಸ್ಟೂಲು. ನಾನು ತೆಗೆದವುಗಳಲ್ಲೆಲ್ಲ ಇದೇ ಮೇಲು. ಆವತ್ತು ಕಿಟಕಿ ತೆಗೆದಿತ್ತು, ಕೆಳಗಡೆ ಆಟೋ ಸ್ಟ್ಯಾಂಡು. ಅವಳನ್ನೂ ಅದೇ ಮಾತು ಕೇಳ್ದೆ. "ಮಹದೇವು ನೋಡ್ಬೇಕು ಅಣ್ಣ, ಯಾರಿಗೂ ಏಳ್ಬೇಡಿ" ಅಂದ್ಬುಟ್ಟು ಕಿಟಕಿ ಕಡೆ ತಿರುಗಿದ್ಳು. ಮಹದೇವು, ಹೊನ್ನೂರು ಲೈನಲ್ಲಿ ಆಟೋ ಓಡ್ಸ್ತಿದ್ದೋನು. ಆ ನಗು ನೋಡು...

ನಾನ್ಯಾಕೆ ನಿಮ್ಮಪ್ಪಂಗೆ ಏಳ್ಲಿ? ಯಾರೋ ಸ್ಟ್ಯಾಂಡಲ್ಲಿ ನೋಡಿ ಏಳಿರ್ಬೇಕು. ಹದಿನೆಂಟೇ ದಿನಕ್ಕೆ ಸೇಲಂ ಕಡೆ ಕೊಟ್ಬುಟ್ರು, ಅದು ನಿಮ್ಮನೆ ವಿಚಾರ. ಗೌರಿ ಹಬ್ಬಕ್ಕೂ ಬರ್ಲಿಲ್ವಂತೆ, ಎರಡು ವರ್ಷಾಯ್ತು, ಪಾಪ... ಅಂಗೆ ನೋಡ್ಬೇಡ ಕಣವ್ವ. ಏನಾದ್ರೂ ಅನ್ನು. ಬಯ್ಯಿ ಬೇಕಾದ್ರೆ.

ಕೇಳು, ನಿಜ ಏಳ್ತೀನಿ.

ಆವತ್ತೂ ಚೌಡೇಶಣ್ಣ ಅದೇ ಬೆಂಚಲ್ಲಿ ಕೂತಿದ್ರು. ಫೋಟೊ ತೋರ್ಸ್ದೆ. "ಮನೇಲಿ ಒಂದ್ಸಲಾನೂ ಇಂಗೆ ನಕ್ಕಿಲ್ವಲ್ಲೋ, ಅದೆಂಗೆ ನಗ್ಸಿದೆ ಷಡಕ್ಷರಿ?" ಅಂದ್ರು. ನಂಗೆ ಕಸುಬಿನ ಜಂಬ ಕಣವ್ವ. ಎಂಗೆ ನಗ್ಸ್ದೆ ಅಂತ ಏಳಕ್ಕೋಗಿ... ಹೆಸ್ರೂ ಏಳ್ಬುಟ್ಟೆ. ಬಾಯಿಂದ ಬಿದ್ದ ಮೇಲೆ ಅವ್ರ ಮುಖ ನೋಡ್ದೆ. ಆವತ್ತಿಂದ ಆ ಪಟ ಇಳ್ಸಕ್ಕೂ ಆಗ್ತಿಲ್ಲ, ನೋಡಕ್ಕೂ ಆಗ್ತಿಲ್ಲ.

ಇವತ್ತು ನಿನ್ನ ಒಳಕ್ಕೆ ಕಳ್ಸೋಕೆ ಮುಂಚೆ ಅವ್ರೇ ಅಂದ್ರು, "ಕಿಟಕಿ ಮುಚ್ಬುಡು. ಇವಳನ್ನೂ ಆ ಮಾತು ಕೇಳ್ಬುಟ್ಟು ನಂಗೇಳು." ಊಂ ಅಂದ್ಬುಟ್ಟು ಕಿಟಕಿ ಮುಚ್ದೆ. ಒಂದ್ಸಲ ಏಳ್ಬುಟ್ಟಿದ್ನಲ್ಲ, ನನ್ನ ಬಾಯಿ ಅವ್ರ ಕೈಲಿತ್ತು.

ನಾನೇ ಏಳಿದ್ದು ಅಂತ ನಿಂಗೆ ಗೊತ್ತಿತ್ತಾ? ಮೆಟ್ಲು ಹತ್ತೋವಾಗ್ಲೇ ಗೊತ್ತಿತ್ತಾ? ಅದಕ್ಕೇ ತುಟಿ ಬಿಚ್ಲಿಲ್ಲ...

ಇರು. ಇಂಗೇ ಇರು, ನನ್ನೇ ನೋಡು. ನಗ್ಬೇಡ.

ಆಯ್ತು, ತೆಗ್ದೆ. ಎದ್ದೇಳವ್ವ. ಆಚೆ ಓದ ತಕ್ಷಣ ಅವ್ರು ಕೇಳ್ತಾರೆ. ಇವಳು ಒಂದು ಹೆಸ್ರೂ ಏಳ್ಲಿಲ್ಲ ಅಂತೀನಿ. ಅದು ಸುಳ್ಳಲ್ವಲ್ಲ.