ಕೈಪಿಡಿಯಿಂದ ಹೋದ ಮೂವತ್ತೇಳು ಎಚ್ಚರಿಕೆಗಳು

ರಕ್ತನಿಧಿಗೆ ಕೊಟ್ಟ ಕೈಪಿಡಿಯಿಂದ ಮೂವತ್ತೇಳು ಎಚ್ಚರಿಕೆಗಳನ್ನು ತೆಗೆದುಹಾಕಿದವಳು ನಾನು. ಆ ತಪ್ಪನ್ನು ನಮ್ಮ ಕಚೇರಿಯ ಹಿರಿಯ ಪ್ರೋಗ್ರಾಮರ್ ಒಬ್ಬರ ತಲೆಗೆ ಕಟ್ಟಿದ್ದಾರೆ. ಅದು ಸುಳ್ಳು.

ನನ್ನನ್ನು ಮನೆಯಲ್ಲಿಯೂ ಕಚೇರಿಯಲ್ಲಿಯೂ ಚುಕ್ಕಿ ಎನ್ನುತ್ತಾರೆ. ವಯಸ್ಸು 24 ವರ್ಷ. ಕೆಲಸ: ಡೇಟಾಬೇಸ್ ಲೈಬ್ರರಿ ತಯಾರಿಸುವ ಕಚೇರಿಯಲ್ಲಿ ವಿವರಣೆ ಬರೆಯುವುದು. ವಾಸ: ಮುದ್ರಣಾಲಯದ ಹಿಂದಿನ ಓಣಿ, ಮೂರನೇ ಬಾಗಿಲು, ಮೊದಲನೇ ಮಹಡಿ, ಅಣ್ಣ ಅತ್ತಿಗೆಯರ ಜೊತೆ. ಈ ದಿನ ಮಂಗಳವಾರ, 10ನೇ ತಾರೀಖು, ಮಧ್ಯಾಹ್ನ 3-15 ಗಂಟೆಗೆ ಯಾರೂ ಕರೆಸದೆ ನಾನೇ ಠಾಣೆಗೆ ಬಂದು ತಮ್ಮ ಮುಂದೆ ತಿಳಿಸುವುದು ಹೀಗಿದೆ.

ನಮ್ಮ ಲೈಬ್ರರಿ ಪುಸ್ತಕಗಳದ್ದಲ್ಲ. ಹೆಸರು, ವಿಳಾಸಗಳ ದೊಡ್ಡ ಪಟ್ಟಿಗಳನ್ನು ಕಂಪ್ಯೂಟರಿನಲ್ಲಿ ಇಡಲು, ಹುಡುಕಲು, ಅಳಿಸಲು ಬೇಕಾದ ಸಿದ್ಧ ಆಜ್ಞೆಗಳ ಗಂಟು ಅದು. ಅದರಲ್ಲಿ 612 ಆಜ್ಞೆಗಳಿವೆ. ಪ್ರತಿ ಆಜ್ಞೆಯ ಮೇಲೆ ಅದು ಏನು ಮಾಡುತ್ತದೆ ಎಂದು ಬರೆದ ಕೆಲವು ಸಾಲುಗಳಿರುತ್ತವೆ. ಅವನ್ನು ಕಾಮೆಂಟ್ ಎನ್ನುತ್ತೇವೆ. ಕಂಪ್ಯೂಟರ್ ಅವನ್ನು ಓದದೆ ದಾಟಿ ಹೋಗುತ್ತದೆ. ಅವನ್ನೇ ಒಟ್ಟುಮಾಡಿ ಕೈಪಿಡಿ ಅಚ್ಚು ಹಾಕಿಸುತ್ತೇವೆ. ಇಲ್ಲಿ ಬರೆದುಕೊಳ್ಳುತ್ತಿರುವ ಕಾನ್‌ಸ್ಟೇಬಲ್ ಅವರು, ಯಂತ್ರ ಓದೋದೇ ಇಲ್ಲ ಅಂದ್ಮೇಲೆ ಅಳಿಸಿದ್ರೆ ಏನಮ್ಮ ನಷ್ಟ ಎಂದು ಕೇಳಿದರು. ಯಂತ್ರಕ್ಕೆ ಯಾವ ನಷ್ಟವೂ ಇಲ್ಲ ಎಂದು ಹೇಳಿದೆ. ಅವರು ಪೆನ್ನು ಕೆಳಗಿಟ್ಟು ನೀರು ಕುಡಿದು ಮತ್ತೆ ಬರೆಯಲು ಶುರುಮಾಡಿದರು.

ನಾನು ಆ ಕಚೇರಿಗೆ ಸೇರಿ ಎರಡು ವರ್ಷ ಒಂದು ತಿಂಗಳಾಗಿದೆ. ಅಲ್ಲಿ ಏಳು ಜನರಿದ್ದೇವೆ. ಆರೋಪ ಹೊತ್ತಿರುವ ಹಿರಿಯರಿಗೆ 58 ವರ್ಷ. ಹಿಂದೆ ಅವರ ಸೋದರಳಿಯ ಅಲ್ಲಿ ಕೆಲಸಕ್ಕಿದ್ದು ಅತ್ತೆ ಎಂದು ಕರೆಯುತ್ತಿದ್ದನಂತೆ. ಅವನು ಕೆಲಸ ಬಿಟ್ಟು ಹೋದರೂ ಆ ಹೆಸರು ಉಳಿಯಿತು. ಈಗ ಮೇಲ್ವಿಚಾರಕರೂ ಅವರನ್ನು ಅತ್ತೆ ಎಂದೇ ಕರೆಯುತ್ತಾರೆ. ಸಾಲು ಮುಗಿಸದೆ ಬಿಟ್ಟವರ ಹಿಂದೆ ಹೋಗಿ ಪೂರ್ಣವಿರಾಮ ಇಡುತ್ತಿದ್ದೆನೆಂದು ನನಗೆ ಚುಕ್ಕಿ ಎಂದು ಹೆಸರಿಟ್ಟವರೂ ಅವರೇ.

ಅಣ್ಣ ಮುದ್ರಣಾಲಯದಲ್ಲಿ ಕೆಲಸ ಮಾಡುತ್ತಾನೆ. ಅಲ್ಲಿ ಮಿಕ್ಕ ಕರಪತ್ರಗಳನ್ನು ಓದಿಯೇ ನಾನು ಬೆಳೆದದ್ದು. ತಿಳಿವಳಿಕೆ ಕೆಲವರ ಸೊತ್ತಾಗಬಾರದು ಎಂಬುದನ್ನು ಅವುಗಳಿಂದ ಕಲಿತೆ. ನಮ್ಮ ಲೈಬ್ರರಿಯ ಕಾಮೆಂಟುಗಳನ್ನು ಆರು ಜನ ಆರು ರೀತಿಯಲ್ಲಿ ಬರೆದಿದ್ದರು. ಒಬ್ಬರದು ಒಂದೇ ಸಾಲು, ಒಬ್ಬರದು ಪುಟಗಟ್ಟಲೆ. ಉದಾಹರಣೆ ಕೆಲವು ಕಡೆ ಮೇಲೆ, ಕೆಲವು ಕಡೆ ಕೆಳಗೆ, ಬಹಳ ಕಡೆ ಇಲ್ಲವೇ ಇಲ್ಲ. ಹೊಸಬರು ಏನು ಬೇಕಾದರೂ ಹಳಬರ ಮೇಜಿನ ಮುಂದೆ ಕೈಕಟ್ಟಿ ನಿಲ್ಲಬೇಕಿತ್ತು. ನಾನೂ ನಿಂತಿದ್ದೇನೆ. ಹಿಂದಿನ ವರ್ಷ ಒಂದು ಹಾಳೆಯಲ್ಲಿ, ಓದಲಾಗದ ವಿವರಣೆ ಮುಚ್ಚಿದ ಬಾಗಿಲು, ಆರು ರೂಪದ ಬರಹ ಆರು ಜನರ ಯಜಮಾನಿಕೆ, ಒಂದೇ ರೂಪ ಬೇಕು, ಇವತ್ತೇ ಬೇಕು ಎಂದು ಬರೆದು ಕುಡಿಯುವ ನೀರಿನ ಯಂತ್ರದ ಮೇಲೆ ಅಂಟಿಸಿದ್ದೆ. ಆ ಮಾತನ್ನು ನಾನು ಈಗಲೂ ಹಿಂತೆಗೆದುಕೊಳ್ಳುವುದಿಲ್ಲ.

ಕಳೆದ ತಿಂಗಳು 1ನೇ ತಾರೀಖು ಶುಕ್ರವಾರ ಬೆಳಿಗ್ಗೆ 10 ಗಂಟೆಯ ಸಭೆಯಲ್ಲಿ ನನ್ನ ಕೋರಿಕೆಗೆ ಒಪ್ಪಿಗೆ ಸಿಕ್ಕಿತು. ಪ್ರತಿ ಕಾಮೆಂಟಿಗೂ ನಾಲ್ಕೇ ತಲೆಬರಹ: ಕೆಲಸ, ಕೊಡಬೇಕಾದದ್ದು, ಸಿಗುವುದು, ಉದಾಹರಣೆ. ಎಲ್ಲವನ್ನೂ ಈ ಅಚ್ಚಿಗೆ ತರುವ ಒಂದು ಸಣ್ಣ ಪ್ರೋಗ್ರಾಂ ಬರೆಯುತ್ತೇನೆ ಎಂದೆ. ನಾಲ್ಕರಲ್ಲಿ ಯಾವುದಕ್ಕೂ ಸೇರದ ಸಾಲು ಏನಾಗುತ್ತೆ ಎಂದು ಅತ್ತೆ ಕೇಳಿದರು. ಉಳಿಕೆ ಎಂಬ ಬೇರೆ ಫೈಲಿಗೆ ಹೋಗುತ್ತದೆ ಎಂದೆ. ಮಾಡು ಮಾರಾಯ್ತಿ, ನಾನೇನು ಬೇಡ ಅನ್ನಲ್ಲ, ಆದ್ರೆ ಆ ಉಳಿಕೆನ ಎಸೆಯೋಕೆ ಮುಂಚೆ ನನಗೊಂದ್ಸಲ ತೋರ್ಸು ಎಂದರು. ಆಗಲಿ ಎಂದೆ.

4ನೇ ತಾರೀಖು ಸೋಮವಾರ ಮಧ್ಯಾಹ್ನ 3-30ಕ್ಕೆ ಅತ್ತೆ ಹಲ್ಲಿನ ಡಾಕ್ಟರ ಹತ್ತಿರ ಹೋದರು. ಹೊರಗೆ ಹೋಗುವಾಗ ಗೇಟಿನ ಪುಸ್ತಕದಲ್ಲಿ ಸಹಿ ಹಾಕಿದ್ದಾರೆ, ಆ ದಿನ ವಾಪಸು ಬರಲಿಲ್ಲ. ನಾನು ಸಂಜೆ 4-40ಕ್ಕೆ ಪ್ರೋಗ್ರಾಂ ಓಡಿಸಿದೆ. 612 ಕಾಮೆಂಟುಗಳು ಹನ್ನೊಂದು ಸೆಕೆಂಡಿನಲ್ಲಿ ಒಂದೇ ರೂಪಕ್ಕೆ ಬಂದವು. ಕಿಟಕಿಯ ಹತ್ತಿರ ಕೂರುವ ಗುಂಗುರು ಕೂದಲಿನವನು, ಲೋ, ಒಳ್ಳೇ ಶಾಲೆ ಮಕ್ಕಳು ಪ್ರಾರ್ಥನೆಗೆ ನಿಂತ ಹಾಗಿದೆಯಲ್ಲೋ ಎಂದು ಇನ್ನೊಬ್ಬನಿಗೆ ಹೇಳಿದ. ನನಗೆ ಸಂತೋಷವಾಗಿತ್ತು.

ಉಳಿಕೆ ಫೈಲಿನಲ್ಲಿ 1,906 ಸಾಲುಗಳಿದ್ದವು. ಮೊದಲ ಮುನ್ನೂರನ್ನು ನಾನು ಓದಿದೆ. ಹಳೆಯ ತಾರೀಖುಗಳು, ಯಾರದೋ ಜಗಳ, ಇದನ್ನು ಬರೆದವನ ಕೈ ಮುರಿಯಲಿ ಎಂಬಂಥ ಮಾತು, ಕಾಫಿ ತಣ್ಣಗಾಗಿದೆ ಎಂಬ ದೂರು. ಎಲ್ಲ ಕಸವೇ ಎಂದು ತೀರ್ಮಾನಿಸಿದೆ. 301ನೇ ಸಾಲನ್ನು ಓದಲಿಲ್ಲ. ಅತ್ತೆಗೂ ತೋರಿಸಲಿಲ್ಲ. ಮರೆತು ಅಲ್ಲ. ತೋರಿಸಿದರೆ ಒಂದೊಂದು ಸಾಲಿಗೂ ಒಂದೊಂದು ಕಥೆ ಹೇಳಿ ಆರು ತಿಂಗಳು ಎಳೆಯುತ್ತಾರೆ ಎಂದುಕೊಂಡೆ. ಫೈಲನ್ನು ಒಂದು ಪೆನ್‌ಡ್ರೈವಿಗೆ ಹಾಕಿ ಮೇಜಿನ ಖಾನೆಯಲ್ಲಿ ಇಟ್ಟೆ.

ಇಲ್ಲಿ ನಮ್ಮ ಕಚೇರಿಯ ಒಂದು ಪದ್ಧತಿಯನ್ನು ಹೇಳಬೇಕು. ಪ್ರತಿ ಫೈಲಿಗೂ ಒಬ್ಬರು ಉಸ್ತುವಾರಿ ಇರುತ್ತಾರೆ. ತಿದ್ದಿದವರು ಯಾರೇ ಆಗಿರಲಿ, ತಿದ್ದುಪಡಿಯನ್ನು ಉಸ್ತುವಾರಿಯ ಹೆಸರಿನಲ್ಲೇ ದಾಖಲಿಸಬೇಕು. ಅದಕ್ಕಾಗಿ ಎಲ್ಲರ ಪಾಸ್‌ವರ್ಡುಗಳನ್ನು ಬೀರುವಿನ ಬಾಗಿಲ ಒಳಭಾಗದಲ್ಲಿ ಅಂಟಿಸಿರುತ್ತಾರೆ. ದಾಖಲೆಗಳನ್ನು ಅಳಿಸುವ, ಸೇರಿಸುವ ಆಜ್ಞೆಗಳಿಗೆಲ್ಲ ಅತ್ತೆ ಉಸ್ತುವಾರಿ. ಆದ್ದರಿಂದ ಆ ದಿನ 4-40ರ ತಿದ್ದುಪಡಿಯ ಮುಂದೆ ಅವರ ಹೆಸರಿದೆ. ಒತ್ತಿದ ಬೆರಳು ನನ್ನದು.

11ನೇ ತಾರೀಖು ಸೋಮವಾರ ಬೆಳಿಗ್ಗೆ 9 ಗಂಟೆಗೆ ಕೈಪಿಡಿಯ ಪುಟಗಳನ್ನು ಮುದ್ರಣಾಲಯಕ್ಕೆ ಕೊಟ್ಟೆ. ಹಳೆಯ ಕೈಪಿಡಿಯನ್ನು ಅಚ್ಚು ಹಾಕಿದವನೂ ಅಣ್ಣನೇ. ಹೊಸ ಪುಟಗಳನ್ನು ಬೆಳಕಿಗೆ ಹಿಡಿದು ನೋಡಿ, ಅಲ್ಲ ಚುಕ್ಕಿ, ಹಳೇದ್ರಲ್ಲಿ ಅಲ್ಲಲ್ಲಿ ಕಪ್ಪು ಗೆರೆ ಹಾಕಿದ ಪೆಟ್ಟಿಗೆ ಇತ್ತಲ್ಲ, ಅವೆಲ್ಲ ಎಲ್ಲಿಗೆ ಹೋದ್ವು ಎಂದು ಕೇಳಿದ. ಅವು ರೂಪಕ್ಕೆ ಹೊಂದುವುದಿಲ್ಲ ಎಂದೆ. ಹೊಂದೋದು ಬಿಡು, ಅದ್ರಲ್ಲಿ ಏನಿತ್ತು ಎಂದ. ನಿನಗ್ಯಾಕಣ್ಣ, ನೀನು ಮಸಿ ನೋಡ್ಕೋ ಎಂದೆ. ಅವನು ನಕ್ಕು, ಆಯ್ತು ಮಹಾರಾಣಿ ಎಂದ. ಈ ಮಾತು ನಡೆದಾಗ ಬೆಳಿಗ್ಗೆ 9-10. ನಾನು ಇದನ್ನು ದಿನಕ್ಕೆ ಹಲವು ಸಲ ನೆನೆಯುತ್ತೇನೆ.

18ನೇ ತಾರೀಖು ಹೊಸ ಕೈಪಿಡಿ ಒಂಬತ್ತು ಕಡೆಗೆ ಹೋಯಿತು. ಅದರಲ್ಲಿ ಒಂದು ಕಡೆ, ನಮ್ಮ ಕಚೇರಿಯಿಂದ ಎರಡೂವರೆ ಕಿಲೋಮೀಟರ್ ದೂರದ ರಕ್ತನಿಧಿ.

ಈ ತಿಂಗಳು 4ನೇ ತಾರೀಖು ಬುಧವಾರ ಬೆಳಿಗ್ಗೆ 11-20ಕ್ಕೆ ರಕ್ತನಿಧಿಯ ಮೂರನೇ ಕೌಂಟರಿನ ಗುಮಾಸ್ತೆ, ಎರಡೆರಡು ಸಲ ಬರೆದ ದಾನಿಗಳ ಹೆಸರನ್ನು ಒಂದು ಮಾಡಲು ಹೊರಟರು. ಹೊಸ ಕೈಪಿಡಿಯ 88ನೇ ಪುಟವನ್ನು ತೆರೆದಿಟ್ಟುಕೊಂಡು ಅಲ್ಲಿದ್ದಂತೆಯೇ ಆಜ್ಞೆ ಕೊಟ್ಟರು. ಯಾವ ಅಂಶವನ್ನು ಹೋಲಿಸಬೇಕು ಎಂದು ಹೇಳುವ ಎರಡನೇ ಜಾಗವನ್ನು ಖಾಲಿ ಬಿಟ್ಟರು. ಬಿಡಬಾರದು ಎಂದು ಪುಟದಲ್ಲಿ ಎಲ್ಲಿಯೂ ಇರಲಿಲ್ಲ. ಹಳೆಯ ಕೈಪಿಡಿಯಲ್ಲಿ ಅದೇ ಆಜ್ಞೆಯ ಕೆಳಗೆ, ಕಪ್ಪು ಪೆಟ್ಟಿಗೆಯೊಳಗೆ, ಮೂರು ನಕ್ಷತ್ರದ ಗುರುತಿನ ಮುಂದೆ ಅತ್ತೆ ಹೀಗೆ ಬರೆದಿದ್ದರು: "ತಡಿ, ಒಂದು ನಿಮಿಷ. ಎರಡನೇ ಜಾಗ ಖಾಲಿ ಬಿಟ್ಟರೆ ಇದು ಎಲ್ಲರನ್ನೂ ಒಬ್ಬರೇ ಅಂದುಕೊಳ್ಳುತ್ತೆ. ಒಬ್ಬರನ್ನು ಉಳಿಸಿ ಮಿಕ್ಕವರನ್ನು ಅಳಿಸುತ್ತೆ. ಮೊದಲು ಪ್ರತಿ ತೆಗೆದಿಡು, ಆಮೇಲೆ ಮುಟ್ಟು."

11,406 ದಾನಿಗಳಲ್ಲಿ ಒಬ್ಬರು ಉಳಿದರು. 31 ವರ್ಷದ ಒಬ್ಬ ಬಡಗಿ. ಆ ಹೊತ್ತಿಗೆ ಪಕ್ಕದ ಆಸ್ಪತ್ರೆಯಲ್ಲಿ ಹೆರಿಗೆಯಾದ ಒಬ್ಬ ಹೆಂಗಸಿಗೆ ಅಪರೂಪದ ಗುಂಪಿನ ರಕ್ತ ಬೇಕಾಗಿತ್ತು. ಬಡಗಿಯದು ಆ ಗುಂಪಲ್ಲ. ಗುಮಾಸ್ತೆ ತಮಗೆ ನೆನಪಿದ್ದ ಹದಿನಾಲ್ಕು ಜನರಿಗೆ ಒಬ್ಬೊಬ್ಬರಿಗಾಗಿ ಫೋನ್ ಮಾಡಿದರು. ಹದಿಮೂರನೆಯವರು ಬಂದರು. ಅವರು ಬಂದಾಗ ಮಧ್ಯಾಹ್ನ 1-50. ಆ ಹೆಂಗಸು ಬದುಕಿದ್ದಾರೆ. ಇದನ್ನು ನಾನೇ ಹೋಗಿ ವಿಚಾರಿಸಿ ತಿಳಿದುಕೊಂಡೆ.

5ನೇ ತಾರೀಖು ಗುರುವಾರ ಬೆಳಿಗ್ಗೆ 9-30ಕ್ಕೆ ಮೇಲ್ವಿಚಾರಕರು ನಮ್ಮನ್ನೆಲ್ಲ ಕೂರಿಸಿ ತಿದ್ದುಪಡಿಯ ದಾಖಲೆಯನ್ನು ಗೋಡೆಯ ಮೇಲೆ ತೋರಿಸಿದರು. ಅತ್ತೆಗೆ ಅವಧಿಗೆ ಮುಂಚೆ ನಿವೃತ್ತಿಯ ಪತ್ರ ಕೊಟ್ಟು ಆ ತಿದ್ದುಪಡಿಯ ಹೊತ್ತಿಗೆ ಹನ್ನೆರಡು ದಿನ ಕಳೆದಿತ್ತು, ಚುಕ್ಕಿ ರೂಪ ಮಾತ್ರ ಬದಲಿಸಿದ್ದಾಳೆ, ಎಚ್ಚರಿಕೆಗಳನ್ನು ಅವರು ಆ ಸಿಟ್ಟಿಗೆ ಬೇಕಂತಲೇ ಕಿತ್ತುಹಾಕಿದ್ದಾರೆ, ಪೊಲೀಸರಿಗೆ ದೂರು ಕೊಡುತ್ತೇವೆ ಎಂದರು. ಏನಾದ್ರೂ ಹೇಳೋದಿದ್ಯಾ ಅತ್ತೆ ಎಂದು ಕೇಳಿದರು. ಅತ್ತೆ ನನ್ನ ಕಡೆ ನೋಡಲಿಲ್ಲ. ಏನೂ ಇಲ್ಲ ಎಂದು ಹೇಳಿ ಕನ್ನಡಕ ಒರೆಸಿಕೊಂಡರು. ಮೇಲ್ವಿಚಾರಕರು ಅವರ ಬೀಗದ ಕೈ ಮತ್ತು ಕಂಪ್ಯೂಟರ್ ತೆಗೆದುಕೊಂಡರು. ಇದೆಲ್ಲ ನಾಲ್ಕು ನಿಮಿಷದಲ್ಲಿ ಮುಗಿಯಿತು. ನಾನು ಅವರಿಗೆ ಎದುರಾಗಿ, ಎರಡು ಅಡಿ ದೂರದ ಕುರ್ಚಿಯಲ್ಲಿದ್ದೆ. ಬಾಯಿ ಬಿಡಲಿಲ್ಲ. ನಾಲ್ಕು ದಿನ ಬಿಡಲಿಲ್ಲ.

8ನೇ ತಾರೀಖು ಭಾನುವಾರ ಮಧ್ಯಾಹ್ನ ಪೆನ್‌ಡ್ರೈವ್ ತೆಗೆದು ಉಳಿಕೆಯನ್ನು 301ನೇ ಸಾಲಿನಿಂದ ಕೊನೆಯವರೆಗೆ ಓದಿದೆ. ನಕ್ಷತ್ರದ ಗುರುತಿನ ಎಚ್ಚರಿಕೆಗಳು ಮೂವತ್ತೇಳು. ಎಲ್ಲವೂ ಅತ್ತೆಯವು. 4-05ಕ್ಕೆ ಅವರ ಮನೆಗೆ ಹೋದೆ. ಅವರು ಕಿಟಕಿಯ ಹತ್ತಿರ ಕುಳಿತು ಬಟಾಣಿ ಬಿಡಿಸುತ್ತಿದ್ದರು. ಬಾರೇ ಚುಕ್ಕಿ, ಅಳೋದಿದ್ರೆ ಬಾಗಿಲಲ್ಲೇ ಮುಗಿಸ್ಕೊಂಡು ಬಾ ಎಂದರು. ನಾನು ಅಳಲಿಲ್ಲ. ನಾನೇ ಮಾಡಿದ್ದು ಅಂತ ನಿಮಗೆ ಗೊತ್ತಿತ್ತು, ಆ ಹೊತ್ತಿಗೆ ನೀವು ಡಾಕ್ಟರ ಹತ್ತಿರ ಇದ್ರಿ, ಯಾಕೆ ಹೇಳಲಿಲ್ಲ ಎಂದು ಕೇಳಿದೆ. ನಾನ್ಯಾಕೆ ಹೇಳ್ಲಿ, ನಿನಗೇನು ಬಾಯಿ ಇಲ್ವಾ, ನೀರಿನ ಯಂತ್ರಕ್ಕೆ ಹಾಳೆ ಅಂಟಿಸೋವಾಗ ಬೇಕಾದಷ್ಟಿತ್ತು ಎಂದರು.

ಅವರು ಬಟಾಣಿಯ ತಟ್ಟೆಯನ್ನು ನನ್ನ ಕಡೆ ತಳ್ಳಿ, ನೀನೂ ಬಿಡಿಸು, ಕೈ ಖಾಲಿ ಇದ್ರೆ ತಲೆ ಕೆಡುತ್ತೆ ಎಂದರು. ಆಮೇಲೆ, ನನ್ನ ವಿಷಯ ಹಾಗಿರ್ಲಿ, ಮಿಕ್ಕ ಮೂವತ್ತಾರರ ಗತಿ ಏನೇ, ಆ ಪುಸ್ತಕ ಒಂಬತ್ತು ಕಡೆ ಕೂತಿದೆ ಎಂದರು. ನಾನು ಅಷ್ಟು ದಿನ ಅವರ ಬಗ್ಗೆ, ನನ್ನ ಬಗ್ಗೆ ಯೋಚಿಸಿದ್ದೆ. ಆ ಮೂವತ್ತಾರರ ಬಗ್ಗೆ ಯೋಚಿಸಿರಲಿಲ್ಲ.

ಐದನೇ ತಲೆಬರಹ ಬೇಕು, ಎಚ್ಚರಿಕೆ ಎಂದು, ಎಲ್ಲಕ್ಕಿಂತ ಮೇಲೆ ಎಂದೆ. ಅತ್ತೆ ಒಪ್ಪಿದರು. ಆದರೆ ಸಾಲುಗಳನ್ನು ಮಿಕ್ಕ ಕಾಮೆಂಟುಗಳಂತೆ ಒಂದೇ ಬಗೆಯ ವಾಕ್ಯದಲ್ಲಿ ಬರೆಯಬೇಕು ಎಂದೆ. ಅದಕ್ಕೆ ಒಪ್ಪಲಿಲ್ಲ. ಅರ್ಧ ಗಂಟೆ ಜಗಳವಾಯಿತು. ನಿನ್ನ ರೂಪಾನೂ ಬೇಡ, ನನ್ನ ರಾಗಾನೂ ಬೇಡ, ಆ ಗುಮಾಸ್ತೆ ಮುಂದೆ ಕೂತು ಒಂದೊಂದೇ ಓದೋಣ, ಅವಳು ಯಾವುದನ್ನ ಓದಿ ಕೈ ತಡೀತಾಳೋ ಅದು ಉಳೀಲಿ ಎಂದರು. ಅಲ್ಲಿಂದಲೇ ಗುಮಾಸ್ತೆಗೆ ಫೋನ್ ಮಾಡಿ ದಿನ ಗೊತ್ತುಮಾಡಿದೆವು. ಅವರು, ಬನ್ನಿ, ಆದ್ರೆ ಈ ಸಲ ನಾನು ಏನೂ ಒತ್ತಲ್ಲ ಎಂದರು. ಮರುದಿನ ಬೆಳಿಗ್ಗೆ ಮಿಕ್ಕ ಎಂಟು ಕಡೆಗೂ ಫೋನ್ ಮಾಡಿ, ಹೊಸ ಕೈಪಿಡಿ ಮುಚ್ಚಿಡಿ, ಹಳೆಯದನ್ನೇ ನೋಡಿ ಎಂದು ಹೇಳಿದ್ದೇನೆ.

9ನೇ ತಾರೀಖು ಸೋಮವಾರ, ಅಂದರೆ ಹಾಗೆ ಫೋನ್ ಮಾಡಿದ ದಿನವೇ, ಮಧ್ಯಾಹ್ನ 12 ಗಂಟೆಗೆ ಮೇಲ್ವಿಚಾರಕರಿಗೆ ಎಲ್ಲವನ್ನೂ ತಿಳಿಸಿದೆ. ಅವರು ಬಾಗಿಲು ಹಾಕಿ ಬಂದು, ಠಾಣೆ ಗೀಣೆ ಅಂತ ಹೋಗ್ಬೇಡ, ನಿನಗಿನ್ನೂ ವಯಸ್ಸಿದೆ, ಅತ್ತೆ ಹೇಗಿದ್ರೂ ಹೋಗೋರೇ ಎಂದರು. ಹೋಗೋರು ಅಂತ ಬೇರೆಯವರ ತಪ್ಪು ಹೊತ್ಕೊಂಡು ಹೋಗ್ಬೇಕಾ ಸಾರ್ ಎಂದು ಕೇಳಿದೆ. ಅವರು ದೂರನ್ನು ವಾಪಸು ಪಡೆಯಲಿಲ್ಲ. ಇದನ್ನು ಅವರ ಹೆಸರು ಕೆಡಿಸಲು ಹೇಳುತ್ತಿಲ್ಲ. ನಾನು ನಾಲ್ಕು ದಿನ ಬಾಯಿ ಮುಚ್ಚಿದ್ದೂ ಅದೇ ಲೆಕ್ಕಾಚಾರದಲ್ಲಿ.

ಇಂದು ಮಧ್ಯಾಹ್ನ ಅಣ್ಣನಿಗೆ ಹೇಳಿದಾಗ ಅವನು ಬೈಯಲಿಲ್ಲ. ಹಳೆಯ, ಹೊಸ ಎರಡೂ ಕೈಪಿಡಿಗಳನ್ನು ಚೀಲಕ್ಕೆ ಹಾಕಿಕೊಂಡು ಜೊತೆಗೆ ಬಂದ. ಈಗ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದಾನೆ. ಅವೆರಡನ್ನೂ ಪೆನ್‌ಡ್ರೈವಿನ ಒಂದು ಪ್ರತಿಯನ್ನೂ ತಮ್ಮ ವಶಕ್ಕೆ ಕೊಟ್ಟಿದ್ದೇನೆ. ಗೇಟಿನ ಪುಸ್ತಕವನ್ನು ತಾವೇ ತರಿಸಿ ನೋಡಬೇಕು. ಅತ್ತೆಯನ್ನು ಶುಕ್ರವಾರ 11 ಗಂಟೆಗೆ ಠಾಣೆಗೆ ಬರಬೇಕೆಂದು ಕರೆದಿದ್ದೀರಿ. ಅವರ ಬದಲು ನನ್ನನ್ನು ಕರೆಯಿರಿ. ಬೇಕಾದರೆ ಅದಕ್ಕೂ ಮುಂಚೆ ಬಂದು ಬಂಧಿಸಿ. ಗುರುವಾರ ನಾನು ಎಲ್ಲಿರುತ್ತೇನೆಂದು ಸಹಿಯ ಕೆಳಗೆ ಬರೆಸಿದ್ದೇನೆ. ಆದರೆ ಆ ಗುಮಾಸ್ತೆಯ ಮುಂದೆ ಮೂವತ್ತೇಳನ್ನೂ ಓದಿ ಮುಗಿಸುವವರೆಗೆ, ಸುಮಾರು ಮೂರು ಗಂಟೆ ಹೊತ್ತು, ಪಕ್ಕದಲ್ಲಿ ಕಾಯಬೇಕೆಂದು ಕೇಳಿಕೊಳ್ಳುತ್ತೇನೆ.

ಬರೆದುಕೊಂಡದ್ದನ್ನು ಕಾನ್‌ಸ್ಟೇಬಲ್ ಅವರು ನನಗೆ ಓದಿ ಹೇಳಿದರು. ಈ ಸಲ ನಾನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಕೇಳಿದೆ. ಇದರಲ್ಲಿ ಸುಳ್ಳಿಲ್ಲ, ಬಿಟ್ಟದ್ದೂ ಇಲ್ಲ.

ಸ್ಥಳ: ಪೊಲೀಸ್ ಠಾಣೆ, ಬರವಣಿಗೆಯ ಕೋಣೆ
ಮಂಗಳವಾರ, 10ನೇ ತಾರೀಖು, ಸಂಜೆ 5-10
ಸಹಿ: ಚುಕ್ಕಿ

12ನೇ ತಾರೀಖು, ಗುರುವಾರ, ಬೆಳಿಗ್ಗೆ 10-30, ರಕ್ತನಿಧಿ, ಮೂರನೇ ಕೌಂಟರ್. ಅತ್ತೆಯೂ ಇರುತ್ತಾರೆ.