ಹಸಿರು ದೀಪ ನಂಬಿದ ಎಲ್ವಿರಾ

…ಅಯ್ಯೋ, ನಗ್ತೀಯಾ? ನಗು, ನಗು! ನಮ್ಮ ಬ್ಯಾಂಡು ಹತ್ತು ವರ್ಷದ ಮೇಲೆ ಮತ್ತೆ ಒಂದಾಗ್ತಿದೆ ಅಂತ ಲಾ ಪ್ಲಾಟಾ ಊರೇ ಕುಣೀತಿದೆ, ಬಾಸ್ ಗಿಟಾರಿನ ಎಲ್ವಿರಾಗೆ ಮಾತ್ರ ನಗು! ನನ್ನ ತುಟಿ ನೋಡೇ, ನಿಧಾನಕ್ಕೆ ಹೇಳ್ತೀನಿ. ಶನಿವಾರ… ಒಂದೇ ಒಂದು ಕಾರ್ಯಕ್ರಮ… ತಿಳೀತಾ?

ಕಿವಿ ತೋರಿಸ್ಬೇಡ. ಪೂರ್ತಿ ಹೋಗಿದೆ, ಗೊತ್ತು ಮಾರಾಯ್ತಿ, ನಿನ್ನ ತಂಗಿ ಹೇಳಿದ್ಲು. ನೀನು ನುಡಿಸೋದೇ ಬೇಡ! ಬಾಸ್ ನೇತುಹಾಕ್ಕೊಂಡು ನಿಂತ್ಕೋ, ಸುಮ್ನೆ ಬೆರಳಾಡಿಸು. ಪರದೆ ಹಿಂದೆ ಇನ್ನೊಬ್ಬ ನುಡಿಸ್ತಾನೆ. ಆಗಿನ ಕಾಲದಲ್ಲೂ ನಿನ್ನ ಬಾಸ್ ಕೇಳೋಕೆ ಯಾರು ಬರ್ತಿದ್ರು… ಏನು ಹಾಗೆ ನೋಡ್ತೀಯ? ತಮಾಷೆ ಕಣೇ! ಬೇಕರೀಲಿ ಎಂಪನಾದ ಕಡುಬು ಮಡಚಿ ಮಡಚಿ ನಿನಗೆ ತಮಾಷೆನೂ ಮರೆತುಹೋಯ್ತಾ?

ತಡಿ, ಕಿಟಕಿ ಹತ್ರ ಸಿಗರೇಟು ಹಚ್ತೀನಿ. ಬೆನ್ನು ತಿರುಗಿಸಿದ್ರೆ ನಿನ್ನ ಪಾಲಿಗೆ ನಾನು ಮೂಗ, ಅಲ್ವಾ? …ಏ ಹಂದಿ! …ಹೂಂ, ಕೇಳಿಸಲ್ಲ. ಆಹಾ, ಎಷ್ಟು ಹಾಯಾಗಿದೆ!

ಹಾಗಾದ್ರೆ ಹೇಳೇಬಿಡ್ತೀನಿ. ಕೊರ್ದೊಬಾ ಊರಿನ ನಿನ್ನ ಆ ಕೊನೇ ಕಾರ್ಯಕ್ರಮ… ಆಗ ನಿನ್ನ ಕಿವಿಗೆ ಏನೂ ಆಗಿರ್ಲಿಲ್ಲ ಕಣೇ! ಶ್ರುತಿ ನೋಡೋ ನಿನ್ನ ಟ್ಯೂನರ್ ಕೆಡಿಸಿದ್ದು ನಾನು. ಆ ಗದ್ದಲದಲ್ಲಿ ಬಾಸಿನವರು ಕಿವಿ ನಂಬ್ತೀರಾ? ಕಾಲ ಬಳಿಯ ಪೆಟ್ಟಿಗೇಲಿ ಹಸಿರು ದೀಪ ಬಂತಾ, ಶ್ರುತಿ ಸರಿ! ಒಂದು ಗುಂಡಿ ಒತ್ತಿ ಆ ಪೆಟ್ಟಿಗೆಯ ಶ್ರುತಿಯನ್ನೇ ಚೂರು ಇಳಿಸಿಟ್ಟೆ, ಅಷ್ಟೇ. ದೀಪ ಹಸಿರು, ಬಾಸ್ ಅಪಶ್ರುತಿ! ಜನ ಹೇಗೆ ಉಗಿದ್ರು! ನೀನು ಅಳ್ತಾ ಬಂದು ಕೇಳಿದೆ, "ಫಬ್ರೀಸಿಯೋ, ನನ್ನ ಕಿವಿ ಹೋಯ್ತೇನೋ?" ನಾನು ಹೂಂ ಅಂದೆ. ಮಾರನೇ ದಿನವೇ ನೀನು ಬ್ಯಾಂಡು ಬಿಟ್ಟೆ. ಆಮೇಲೆ ಕಿವಿ ನಿಜವಾಗ್ಲೂ ಹೋಯ್ತು, ಅದಕ್ಕೆ ನಾನೇನು ಮಾಡ್ಲಿ? ಗಂಟಲು ಹರ್ಕೊಂಡು ಹಾಡೋನು ನಾನು, ಜನ ಕೂಗೋದು ಎಲ್ವಿರಾ, ಎಲ್ವಿರಾ ಅಂತ! ಹೊಟ್ಟೆ ಉರೀತಿತ್ತು ಕಣೇ, ಉರೀತಿತ್ತು!

ಉಫ್… ಹಗುರಾಯ್ತು. ನೋಡು, ಶನಿವಾರ ನೀನು…

ಯಾಕೆ ಎದ್ದು ನಿಂತೆ? ನಾನಿನ್ನೂ ತಿರುಗೇ ಇರ್ಲಿಲ್ಲ, ನನ್ನ ತುಟಿ ನಿನಗೆ ಎಲ್ಲಿ ಕಾಣಿಸ್ತು? …ಕೂದಲು ಯಾಕೆ ಸರಿಸ್ತೀಯ? ಏನದು, ಕಿವಿ ಹಿಂದೆ? ಕಿವಿ ಕೇಳಿಸೋ ಯಂತ್ರ… ಯಾವಾಗ ಹಾಕಿಸ್ಕೊಂಡೆ? ಎಲ್ಲಾ… ಎಲ್ಲಾ ಕೇಳಿಸ್ತಾ?

ಬೈಯೇ. ಕೆನ್ನೆಗೆ ಬಾರಿಸೇ. ಎಲ್ವಿರಾ… ಆ ಯಂತ್ರ ಯಾಕೆ ಕಿತ್ತಿಡ್ತೀಯ, ನನ್ನ ಮಾತು ಕೇಳೇ!